ಹಿಮ್ಮೇಳದವರ ದುಡಿಮೆಗೆ ಎಷ್ಟು ಬೆಲೆ?

ಕೇಳುಗರೆಲ್ಲರಿಗೂ ನಮಸ್ಕಾರ.

ಊರಿನಲ್ಲಿ ಒಂದು ಯಕ್ಷಗಾನದ ಆಟ ಆಡಿಸಬೇಕು ಅಂತ ಸಮಿತಿ ಸೇರುತ್ತದೆ. ಚಪ್ಪರ, ಮೈಕ್, ಜನರೇಟರ್, ಊಟ, ಹೀಗೆ ಖರ್ಚಿನ ಪಟ್ಟಿ ತಯಾರಾಗುತ್ತದೆ. ಮೈಕಿನವರು ಫೋನಿನಲ್ಲೇ ರೇಟು ಹೇಳಿ ಮುಂಗಡ ಕೇಳುತ್ತಾರೆ. ಯಾರಿಗೂ ಬೇಸರವಿಲ್ಲ, ಅದು ಅವರ ಕಸುಬು. ಅದೇ ಮೈಕಿನ ಮುಂದೆ ಹಿಮ್ಮೇಳದಲ್ಲಿ, ಅಂದರೆ ಹಾಡು ಮತ್ತು ವಾದ್ಯದವರ ಸಾಲಿನಲ್ಲಿ, ನಿಂತು ಚೆಂಡೆ ಬಾರಿಸುವವರು "ನಮಗೆಷ್ಟು?" ಅಂತ ಕೇಳಲಿ, ಮಾತೇ ಬದಲಾಗುತ್ತದೆ. "ದೇವರ ಸೇವೆ ಅಲ್ವಾ ಮಾರಾಯ್ರೇ, ನಿಮ್ಮನ್ನು ನಾವು ಸುಮ್ನೆ ಕಳಿಸ್ತೇವಾ?" ಅನ್ನುತ್ತಾರೆ. ಎಷ್ಟು ಅಂತ ಮಾತ್ರ ಹೇಳುವುದಿಲ್ಲ.

ನಮ್ಮ ಕಾಸರಗೋಡಿನಲ್ಲಿ ಇದು ನಡೆಯಬಾರದಿತ್ತು. ಯಕ್ಷಗಾನ ಪ್ರಸಂಗಗಳನ್ನು ಬರೆದ ಪಾರ್ತಿಸುಬ್ಬ ಹುಟ್ಟಿದ ಕುಂಬಳೆ ಸೀಮೆ ಇದು. ಬದಿಯಡ್ಕ, ಮುಳ್ಳೇರಿಯ, ಮಂಜೇಶ್ವರ, ಯಾವ ಕಡೆ ಹೋದರೂ ಪದ ಹೇಳುವವರು, ಮದ್ದಳೆ ಬಾರಿಸುವವರು ಸಿಗುತ್ತಾರೆ. ನಾನೂ ಮದ್ದಳೆಯವನೇ. ಮಕ್ಕಳಿಗೆ ಕಲಿಸುತ್ತೇನೆ ಕೂಡ. ಹಾಗಾಗಿ ಈ ಮಾತನ್ನು ಸಂಕೋಚ ಬಿಟ್ಟು ಆಡುತ್ತೇನೆ.

ಜನ ನೋಡುವುದು ರಂಗಸ್ಥಳದ ಐದಾರು ಗಂಟೆ. ಅದರ ಹಿಂದಿನದು ಯಾರ ಕಣ್ಣಿಗೂ ಬೀಳುವುದಿಲ್ಲ. ಮದ್ದಳೆಯನ್ನೇ ತಗೊಳ್ಳಿ. ಬಾರಿಸಿ ಬಾರಿಸಿ ಬಲಗಡೆಯ ಚರ್ಮದ ಮೇಲಿನ ಕಪ್ಪು ಲೇಪ, ಅಂದರೆ ಕರ್ಣ, ಸವೆಯುತ್ತದೆ, ನಾದ ಒಡೆಯುತ್ತದೆ. ಮಳೆಗಾಲದ ತಂಡಿಗೆ ಚರ್ಮ ಸಡಿಲವಾಗಿ ಶ್ರುತಿ ನಿಲ್ಲುವುದೇ ಇಲ್ಲ. ಚರ್ಮದ ಮುಚ್ಚಿಗೆ ಬದಲಾಯಿಸಬೇಕು ಅಂದರೆ ಕೈ ಬಲ್ಲವರನ್ನು ಹುಡುಕಿಕೊಂಡು ಹೋಗಬೇಕು, ಕೆಲವು ದಿನ ಅಲ್ಲೇ ಬಿಟ್ಟು ಬರಬೇಕು. ಅಷ್ಟರಲ್ಲಿ ಕಾರ್ಯಕ್ರಮ ಬಂದರೆ ಇನ್ನೊಂದು ಮದ್ದಳೆ ಬೇಕೇ ಬೇಕು. ಈ ದುಡ್ಡೆಲ್ಲ ಬಾರಿಸುವವರ ಕಿಸೆಯಿಂದಲೇ ಹೋಗುತ್ತದೆ. ಮಧ್ಯರಾತ್ರಿ ಮಂಗಳ ಹಾಡಿ ಇಳಿದರೆ ಬಸ್ಸು ಇರುವುದಿಲ್ಲ. ಆಟೋದವರಿಗೆ ಕೊಟ್ಟು ಮನೆ ಸೇರುವಾಗ, ವೇಷ ಕಟ್ಟುವ ಚೌಕಿಯ ಮೂಲೆಯಲ್ಲಿ ಕೈಗಿಟ್ಟ ಕವರಿನಲ್ಲಿ ಎಷ್ಟು ಉಳಿಯಿತು ಅಂತ ಯಾರೂ ಕೇಳುವುದಿಲ್ಲ.

ಇನ್ನು ವರ್ಷದ ಲೆಕ್ಕ. ತುಳು ಪಂಚಾಂಗದ ಬೇಶ ತಿಂಗಳ 10ಕ್ಕೆ, ಅಂದರೆ ಮೇ ಕೊನೆಗೆ, ಪತ್ತನಾಜೆ. ಅಂದು ಮೇಳಗಳು, ಅಂದರೆ ಊರೂರು ತಿರುಗುವ ಯಕ್ಷಗಾನ ತಂಡಗಳು, ಗೆಜ್ಜೆ ಬಿಚ್ಚಿ ಆಟ ನಿಲ್ಲಿಸುತ್ತವೆ. ಮತ್ತೆ ತಿರುಗಾಟ ಹೊರಡುವುದು ದೀಪಾವಳಿ ಕಳೆದ ಮೇಲೆ. ನಡುವಿನ ಹೆಚ್ಚುಕಡಿಮೆ ಆರು ತಿಂಗಳು ವೇಷವಿಲ್ಲದೆ ಕೂತು ನಡೆಸುವ ತಾಳಮದ್ದಳೆ, ಚಿಕ್ಕಮೇಳ, ಇಲ್ಲದಿದ್ದರೆ ತೋಟದ ಕೆಲಸ. ಮಳೆಯಲ್ಲಿ ಮನೆಮನೆ ತಿರುಗುವ ಚಿಕ್ಕಮೇಳವನ್ನು ಭಕ್ತಿಯಿಂದ ಬರಮಾಡಿಕೊಳ್ಳುತ್ತೇವೆ, ಒಳ್ಳೆಯದು. ಆ ಕಲಾವಿದನ ಮನೆಯಲ್ಲೂ ಶಾಲೆಯ ಫೀಸು, ಕರೆಂಟು ಬಿಲ್ಲು ಇದೆ.

ಸಮಿತಿಗಳ ಕಷ್ಟ ನನಗೆ ಗೊತ್ತಿಲ್ಲದ್ದಲ್ಲ. ಸಣ್ಣ ಭಜನಾ ಮಂದಿರದವರು ರಸೀದಿ ಪುಸ್ತಕ ಹಿಡಿದು ಮನೆಮನೆ ಹತ್ತಬೇಕು. ಹಣ ಕಮ್ಮಿ ಇದ್ದರೆ ಮೊದಲೇ ಹೇಳಿ. "ಇಷ್ಟೇ ಆಗುವುದು, ಬರುತ್ತೀರಾ?" ಅಂತ ಕೇಳಿ. ಎಷ್ಟೋ ಜನ ಖುಷಿಯಿಂದ ಬರುತ್ತಾರೆ, ಕೆಲವರು ದುಡ್ಡೇ ಬೇಡ ಅಂದಾರು. ಆದರೆ ಸೇವೆ ಮಾಡಬೇಕೋ ಬೇಡವೋ ಅನ್ನುವುದನ್ನು ಕಲಾವಿದನೇ ತೀರ್ಮಾನಿಸಬೇಕು, ಅವನ ಪರವಾಗಿ ಸಮಿತಿ ಅಲ್ಲ. ಶಾಲು, ಹಣ್ಣು, ಸ್ಮರಣಿಕೆ ಕೊಡಿ, ಸಂತೋಷ. ಸಂಬಳದ ಜೊತೆಗೆ ಕೊಡಿ, ಬದಲಿಗೆ ಬೇಡ.

ಹೆಸರಿನ ವಿಷಯವೂ ಸಣ್ಣದಲ್ಲ. ಕರಪತ್ರದಲ್ಲಿ ಅತಿಥಿಗಳ ಹೆಸರು ದಪ್ಪ ಅಕ್ಷರದಲ್ಲಿ ಇರುತ್ತದೆ. ಪದ ಹಾಡುವ ಭಾಗವತರ ಹೆಸರು ಹೇಗೋ ಬರುತ್ತದೆ. ಚಕ್ರತಾಳದ ಹುಡುಗ 'ಮತ್ತಿತರರು' ಆಗಿಬಿಡುತ್ತಾನೆ. ಅವನ ತಾಳ ಒಂದು ಪೆಟ್ಟು ತಪ್ಪಿದರೆ ಇಡೀ ಕುಣಿತ ಹಾಳು!

ಆಕಾಶವಾಣಿಯ ಪದ್ಧತಿ ನೋಡಿ. ಧ್ವನಿಪರೀಕ್ಷೆಯಲ್ಲಿ ಪಾಸಾದ ಕಲಾವಿದರಿಗೆ ಶ್ರೇಣಿ ಇದೆ, ಶ್ರೇಣಿಗೆ ತಕ್ಕ ಸಂಭಾವನೆ ಇದೆ. ಕಾರ್ಯಕ್ರಮದ ದಿನ, ಹೊತ್ತು, ಮೊತ್ತ ಬರೆದ ಕಾಗದ ಮೊದಲೇ ಕೈ ಸೇರುತ್ತದೆ. ಮೊತ್ತ ದೊಡ್ಡದೇ ಆಗಬೇಕಿಲ್ಲ. ಆ ಕಾಗದ ಇದ್ದರೆ ಕಲಾವಿದ ಯಾರ ಮುಂದೆಯೂ ಹಲ್ಲುಗಿಂಜಬೇಕಾಗಿಲ್ಲ.

ಈಗ ಎಲ್ಲ ಆಟವೂ ಯೂಟ್ಯೂಬಿನಲ್ಲಿ ಲೈವ್. ಒಪ್ಪಿಗೆ ಕೇಳುವವರು ಅಪರೂಪ. 1957ರ ಹಕ್ಕುಸ್ವಾಮ್ಯ ಕಾನೂನಿಗೆ 2012ರಲ್ಲಿ ತಿದ್ದುಪಡಿ ಬಂತು. ಹಾಡುವವರು, ಬಾರಿಸುವವರು, ಕುಣಿಯುವವರು, ಹಾವಾಡಿಸುವವರನ್ನೂ ಸೇರಿಸಿ, ಎಲ್ಲರಿಗೂ ತಮ್ಮ ಪ್ರದರ್ಶನದ ಧ್ವನಿಮುದ್ರಣ, ಚಿತ್ರೀಕರಣದ ಮೇಲೆ ಹಕ್ಕಿದೆ. ಅದನ್ನು ವ್ಯಾಪಾರಕ್ಕೆ ಬಳಸಿದರೆ ರಾಯಲ್ಟಿಯಲ್ಲಿ ಪಾಲು ಇದೆ. ಈ ಹಕ್ಕು 50 ವರ್ಷ ನಿಲ್ಲುತ್ತದೆ. ನಮ್ಮ ಕಡೆಯ ಎಷ್ಟು ಕಲಾವಿದರಿಗೆ ಇದು ಗೊತ್ತು?

ಗಡಿಯ ತೊಡಕು ಬೇರೆ. ದುಡಿಮೆ ಬಹುಪಾಲು ಕರ್ನಾಟಕದ ಮೇಳಗಳಲ್ಲಿ, ರೇಷನ್ ಕಾರ್ಡು ಕೇರಳದ್ದು. ಕೇರಳದಲ್ಲಿ ಸಾಂಸ್ಕೃತಿಕ ಕಾರ್ಯಕರ್ತರ ಕ್ಷೇಮನಿಧಿ ಅಂತ ಇದೆ. ಆದರೆ ಹಿರಿಯ ಭಾಗವತರಲ್ಲಿ ಅನೇಕರಿಗೆ ಮಲಯಾಳ ಓದಿ ಬರೆದು ಅಭ್ಯಾಸವಿಲ್ಲ. ಓದಿದ ಹುಡುಗರು ಒಂದು ಭಾನುವಾರ ಅವರ ಜಗಲಿಯಲ್ಲಿ ಕೂತು ಅರ್ಜಿ ತುಂಬಿಸಿ ಕೊಡಬಹುದು. ದೊಡ್ಡ ಉಪಕಾರ ಆದೀತು.

ದೀಪಾವಳಿ ಹತ್ತಿರ ಬಂದಾಗ ಸಮಿತಿಗಳು ಮತ್ತೆ ಸೇರುತ್ತವೆ. ಆಗ ಪಟ್ಟಿಯಲ್ಲಿ ಹಿಮ್ಮೇಳದ ಸಂಬಳವನ್ನು ಮೈಕಿಗಿಂತ ಮೊದಲು ಬರೆಯಿರಿ. ಒಂದು ಹಾಳೆಯಲ್ಲಿ ದಿನ, ಹೊತ್ತು, ಮೊತ್ತ, ಪ್ರಯಾಣದ ಖರ್ಚು, ವಿಡಿಯೋ ಮಾಡುತ್ತೀರೋ ಇಲ್ಲವೋ, ಇಷ್ಟನ್ನು ಬರೆದು ಸಹಿ ಹಾಕಿ ಕಲಾವಿದರಿಗೆ ಮೊದಲೇ ತಲುಪಿಸಿ. ಮಂಗಳ ಹಾಡಿದ ರಾತ್ರಿಯೇ ಹಣ ಕೊಟ್ಟುಬಿಡಿ.

ನಮಸ್ಕಾರ.