ವಾದ್ಯ ಹೊರಗಿನದು, ಕೈ ಊರಿನದು

ಕೇಳುಗರಿಗೆ ನಮಸ್ಕಾರ.

"ಹೊರಗಿನ ವಾದ್ಯ ಬಂತು, ನಮ್ಮ ಸಂಗೀತ ಕೆಟ್ಟುಹೋಯ್ತು." ಈ ದೂರು ಇಲ್ಲದ ನಾಡೇ ಇಲ್ಲ. ಕೇಳಿ ಕೇಳಿ ನನಗೂ ಸಾಕಾಗಿದೆ. ಅದಕ್ಕೇ ಇವತ್ತು ಒಂದೇ ಸಂಗತಿ ಹೇಳುತ್ತೇನೆ. ವಾದ್ಯ ಹೊರಗಿನದಿರಬಹುದು, ನುಡಿಸುವ ಕೈ ಊರಿನದು.

ಹವಾಯಿ ದ್ವೀಪಗಳ ಕಥೆ ಕೇಳಿ. ಇದು ನನಗೆ ಬಲು ಇಷ್ಟ. 1793ರಲ್ಲಿ ಜಾರ್ಜ್ ವ್ಯಾಂಕೂವರ್ ಎಂಬ ಇಂಗ್ಲಿಷ್ ನಾವಿಕ ಅಲ್ಲಿನ ರಾಜನಿಗೆ ದನಗಳನ್ನು ಉಡುಗೊರೆ ಕೊಟ್ಟ. ಅವನ್ನು ಯಾರೂ ಕೊಲ್ಲಬಾರದು ಎಂದು ರಾಜನ ಅಪ್ಪಣೆಯಾಯಿತು. ಸರಿ, ದನ ಬೆಳೆದವು, ಕಾಡು ಸೇರಿದವು, ಬೆಳೆಗೆ ನುಗ್ಗಿದವು. ಹಿಡಿಯುವವರು ಯಾರು? 1830ರ ದಶಕದಲ್ಲಿ ಮೆಕ್ಸಿಕೋದ ಕಡೆಯಿಂದ ದನ ಕಾಯುವ ಕುದುರೆ ಸವಾರರನ್ನು ಕರೆಸಿದರು. ಅವರ ಜೊತೆ ಸ್ಪೇನ್ ಮೂಲದ ಗಿಟಾರ್ ಬಂತು. ಗಮನಿಸಿ, ಸಂಗೀತ ಕಲಿಸಲು ಬಂದವರಲ್ಲ, ದನ ಹಿಡಿಯಲು ಬಂದವರು!

ಹವಾಯಿಯವರು ಆ ಗಿಟಾರಿನ ಕೆಲವು ತಂತಿಗಳನ್ನು ಸಡಿಲ ಮಾಡಿದರು. ಎಡಗೈ ಒತ್ತದೆ ಸುಮ್ನೆ ಮೀಟಿದರೂ ಎಲ್ಲ ತಂತಿ ಕೂಡಿ ಇಂಪಾಗಿ ಕೇಳಬೇಕು, ಹಾಗೆ ಶ್ರುತಿ ಕಟ್ಟಿದರು. ಹೆಬ್ಬೆರಳು ದಪ್ಪ ತಂತಿಯ ಮೇಲೆ ತಾಳ ಹಿಡಿದರೆ ಉಳಿದ ಬೆರಳುಗಳು ಹಾಡು ನುಡಿಸುತ್ತವೆ. ಆಮೇಲೆ, 1889ರ ಆಸುಪಾಸಿನಲ್ಲಿ, ಗಿಟಾರನ್ನು ತೊಡೆಯ ಮೇಲೆ ಮಲಗಿಸಿ ತಂತಿಯ ಮೇಲೆ ಲೋಹದ ತುಂಡು ಜಾರಿಸುವ ಪದ್ಧತಿ ಹುಟ್ಟಿತು. ಜೋಸೆಫ್ ಕೆಕುಕು ಎಂಬ ಹುಡುಗನ ಹೆಸರನ್ನು ಅದಕ್ಕೆ ಹೇಳುತ್ತಾರೆ. ಸ್ವರ ಸ್ವರಕ್ಕೆ ನೆಗೆಯುವುದು ನಿಂತು, ಮನುಷ್ಯರ ದನಿಯಂತೆ ಜಾರತೊಡಗಿತು. ಸ್ಪೇನಿನ ಗಿಟಾರ್ ಹೀಗೆ ಹಾಡುತ್ತಿತ್ತೇ? ಇಲ್ಲ. ಕೈ ಊರಿನದು, ಅಲ್ವಾ?

ಇನ್ನೂ ಮುಗಿದಿಲ್ಲ. 1915ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ದೊಡ್ಡ ವಸ್ತುಪ್ರದರ್ಶನಕ್ಕೆ ಬಂದ ಜನ ಈ ನಾದಕ್ಕೆ ಮರುಳಾದರು. ಅಮೆರಿಕದ ಹಳ್ಳಿಗಾಡಿನ ಕಂಟ್ರಿ ಸಂಗೀತ ಅದನ್ನು ಎತ್ತಿಕೊಂಡು, ಕಾಲಲ್ಲಿ ಒತ್ತುವ ಪೆಡಲ್ ಜೋಡಿಸಿ, ತನ್ನದೇ ಅಳುವ ದನಿ ಮಾಡಿಕೊಂಡಿತು. ಅಲ್ಲಿಂದ ಅದು ನೈಜೀರಿಯಾಕ್ಕೂ ಹೋಯಿತು. ಅಲ್ಲಿನ ಗಾಯಕ ಕಿಂಗ್ ಸನ್ನಿ ಅಡೆಯವರ ಜುಜು ಎಂಬ ಜನಪ್ರಿಯ ಸಂಗೀತ ಕೇಳಿ, ಮಾತಿನ ಏರಿಳಿತವನ್ನೇ ನುಡಿಸುವ ಡೋಲುಗಳ ನಡುವೆ ಈ ಜಾರು ಗಿಟಾರ್ ಆರಾಮಾಗಿ ಕೂತಿದೆ.

ಅಯ್ಯೋ, ಹವಾಯಿಯಲ್ಲೇ ಸಮಯ ಜಾಸ್ತಿ ಹೋಯಿತು. 1889ರ ಪ್ಯಾರಿಸ್ ಪ್ರದರ್ಶನದಲ್ಲಿ ಫ್ರಾನ್ಸಿನ ಸಂಗೀತ ರಚನೆಕಾರ ಡೆಬ್ಯುಸಿ ಜಾವಾದ ಗ್ಯಾಮೆಲಾನ್ ಎಂಬ ತಾಳವಾದ್ಯಗಳ ಮೇಳ ಕೇಳಿ ಬೆರಗಾದದ್ದು, ಆಫ್ರಿಕಾದ ಗುಲಾಮರ ಕೈಯಲ್ಲಿ ಬ್ಯಾಂಜೊ ಎಂಬ ತಂತಿವಾದ್ಯ ರೂಪುಗೊಂಡದ್ದು, ಇವನ್ನೆಲ್ಲ ಬಿಟ್ಟುಬಿಡುತ್ತೇನೆ.

ಆಫ್ರಿಕಾದ ಕಾಂಗೋ ಮಾತ್ರ ಬಿಡಲಾರೆ. ಅಲ್ಲಿಂದ ಜನರನ್ನು ಸೆರೆಹಿಡಿದು ಗುಲಾಮರನ್ನಾಗಿ ಕ್ಯೂಬಾಕ್ಕೆ ಸಾಗಿಸಿದ್ದರು. ಅವರ ಜೊತೆ ಹೋದ ಲಯ, 1930ರ ದಶಕದಿಂದ ಗ್ರಾಮಾಫೋನ್ ತಟ್ಟೆಗಳಲ್ಲಿ ಕ್ಯೂಬಾದ ಹಾಡಾಗಿ ಕಾಂಗೋಗೆ ವಾಪಸ್ ಬಂತು. ಜನ ಕುಣಿದರು. ಆ ಹಾಡುಗಳಲ್ಲಿನ ಪಿಯಾನೊದ ಭಾಗವನ್ನು ಗಿಟಾರಿನಲ್ಲೇ ನುಡಿಸಿದರು. ಸ್ಪ್ಯಾನಿಷ್ ಬಾರದವರೂ ಸ್ಪ್ಯಾನಿಷ್‌ನಂತೆ ಕೇಳುವ ಏನೋ ಒಂದು ಹಾಡಿದರು. ಕೊನೆಗೆ ಆ ನಾಟಕ ಸಾಕೆನಿಸಿತೇನೋ, ತಮ್ಮ ಲಿಂಗಾಲ ಭಾಷೆಯಲ್ಲೇ ಹಾಡತೊಡಗಿದರು. ನಮಸ್ಕಾರ.