ಬೆಲ್ ಒತ್ತಿ, ಒಬ್ರೇ ಏಳ್ಬೇಡಿ

ಆಕಾಶವಾಣಿ ಮಡಿಕೇರಿ ಕೇಳ್ತಿರೋ ಎಲ್ರಿಗೂ ನಮಸ್ಕಾರ. ಮನೇಲಿ ಯಾರಿಗಾದ್ರೂ ಮೈಸೂರಲ್ಲೋ ಮಂಗಳೂರಲ್ಲೋ ಮೆದುಳಿನ ಆಪರೇಷನ್ ಆಗಿದ್ರೆ ಇವತ್ತಿನ ಮಾತು ನಿಮಗೇ. ನ್ಯೂರೋ ವಾರ್ಡಲ್ಲಿ ನರ್ಸ್ ಆಗಿ ವರ್ಷಗಟ್ಟಲೆ ದುಡಿದೋಳು ನಾನು. ಹೇಳೋದು ಒಂದೇ, ಪೇಷೆಂಟ್ ಒಬ್ರೇ ಮಂಚ ಇಳೀಬಾರ್ದು.

ವಿರಾಜಪೇಟೆ ಕಡೆಯ ತೋಟದವರೊಬ್ರು, ಅರವತ್ತು ದಾಟಿದ್ರೂ ಏಣಿ ಹತ್ತಿ ಮೆಣಸು ಕೊಯ್ತಿದ್ದ ಗಟ್ಟಿ ಆಳು. ತಲೆ ಹಿಂಭಾಗದಲ್ಲಿ ಗಡ್ಡೆ, ಆಪರೇಷನ್ ಚೆನ್ನಾಗೇ ಆಯ್ತು, ಇನ್ನೆರಡು ದಿನದಲ್ಲಿ ಡಿಸ್ಚಾರ್ಜ್. ರಾತ್ರಿ ಮೂರು ಗಂಟೆಗೆ ಒಂದಕ್ಕೆ ಅರ್ಜೆಂಟ್ ಆಗಿದೆ, ಕೆಳಗೆ ಚಾಪೆ ಮೇಲೆ ಸೊಸೆ ಮಲಗಿದಾಳೆ, ಹಗಲೆಲ್ಲ ಓಡಾಡಿ ಸುಸ್ತಾಗಿದಾಳೆ ಪಾಪ ಅಂತ ಎಬ್ಬಿಸ್ದೆ, ಬೆಲ್ಲೂ ಒತ್ತದೆ, ಸೈಡ್ ರೇಲಿಂಗ್ ಹಾಕಿದ್ದಕ್ಕೆ ಕಾಲ ಕಡೆಯಿಂದ ಜಾರಿ ಇಳಿದು ಡ್ರಿಪ್ ಸ್ಟ್ಯಾಂಡನ್ನೇ ಊರುಗೋಲು ಮಾಡ್ಕೊಂಡು ಹೊರಟ್ರು. ಅದಕ್ಕೆ ಚಕ್ರ ಇರುತ್ತಲ್ಲ, ಮುಂದಕ್ಕೆ ಓಡ್ತು. ನಾನು ಓಡಿ ಬಂದಾಗ ಒಂದು ಹವಾಯಿ ಚಪ್ಪಲಿ ಮಂಚದಡಿ, ಇನ್ನೊಂದು ಟಾಯ್ಲೆಟ್ ಬಾಗಿಲಲ್ಲಿ. ತಲೆ ಸ್ಕ್ಯಾನ್ ಸರಿ ಇತ್ತು, ಸೊಂಟದ ಮೂಳೆ ಮುರಿದಿತ್ತು. "ಸಿಸ್ಟರ್, ಏಣಿಯಿಂದ ಒಂದಿನಾನೂ ಬೀಳ್ದೋನು ನಾನು, ಆರು ಹೆಜ್ಜೆ ಹಾಕಕ್ಕಾಗ್ಲಿಲ್ವಾ" ಅಂದ್ರು. ಸೊಸೆ ಅಳ್ತಾ "ಮಾವ, ನನ್ನ ಎಬ್ಬಿಸ್ಬಾರ್ದಿತ್ತಾ" ಅಂತಿದ್ಲು.

ಕಾಲು ಗಟ್ಟಿ ಇದ್ರೆ ಸಾಲಲ್ಲ ರೀ! ಬ್ಯಾಲೆನ್ಸ್ ನೋಡ್ಕೊಳೋ ಚಿಕ್ಕಮೆದುಳು ಇರೋದೇ ತಲೆ ಹಿಂಭಾಗದಲ್ಲಿ, ಅವರಿಗೆ ಕತ್ತರಿ ಆಡಿದ್ದೂ ಅಲ್ಲೇ. ಮಲಗೇ ಇದ್ದು ತಟ್ಟನೆ ಎದ್ರೆ ಬಿಪಿ ಇಳಿದು ಕಣ್ಣು ಕತ್ತಲೆ ಬರುತ್ತೆ, ಫಿಟ್ಸ್ ಮಾತ್ರೆ ಮಂಪರು ತರುತ್ತೆ, ಮೆದುಳಿನ ಬಾವು ಇಳಿಸೋಕೆ ಕೊಡೋ ಸ್ಟೀರಾಯ್ಡ್ ದಿನ ಕಳೆದ ಹಾಗೆ ತೊಡೆ ಸೋಲಿಸುತ್ತೆ. ಮುಂದ್ಲೆ ಆಪರೇಷನ್ ಆದವರಲ್ಲಿ ಕೆಲವರಿಗೆ ತಾವು ನಿಲ್ಲಕ್ಕಾಗಲ್ಲ ಅನ್ನೋದೇ ಗೊತ್ತಾಗಲ್ಲ, ಅವರನ್ನ ನಂಬಿ ಕಾಫಿ ತರಕ್ಕೆ ಹೋಗ್ಬೇಡಿ. ರೇಲಿಂಗ್ ಹಾಕಿದೀವಲ್ಲ ಸಿಸ್ಟರ್ ಅಂತಾರೆ, ಅದನ್ನ ಹತ್ತಿ ಇಳಿಯೋಕೆ ಹೋದ್ರೆ ಇನ್ನೂ ಎತ್ತರದಿಂದ ಬೀಳ್ತಾರೆ. ಯಾರನ್ನಾದ್ರೂ ಕರೀಬೇಕು, ಅಷ್ಟೇ.

ಟೈಮ್ ಆಗೋಯ್ತು ಅಂತ ಸನ್ನೆ ಮಾಡ್ತಿದಾರೆ, ಬೇಗ ಹೇಳ್ಬಿಡ್ತೀನಿ. ಒಂದು ಕಡೆ ಕೈ ಕಾಲು ಸೋತಿದ್ರೆ ಬೆಲ್ಲು ಶಕ್ತಿ ಇರೋ ಕೈ ಹತ್ರ ಇರ್ಲಿ. ಮಲಗೋ ಮುಂಚೆ ನೀವೇ ಟಾಯ್ಲೆಟ್‌ಗೆ ಕರ್ಕೊಂಡೋಗಿ, ರಾತ್ರಿ ಮಧ್ಯೆ ಒಂದ್ಸಲ ಕೇಳಿ. ಮಂಚ ತಗ್ಗಿಸಿ, ಬ್ರೇಕ್ ಹಾಕಿ, ಅಂಚಲ್ಲಿ ಎರಡು ನಿಮಿಷ ಕೂರಿಸಿ ಆಮೇಲೆ ನಿಲ್ಲಿಸಿ. ನೀವು ಸೋತ ಕೈ ಕಡೆ ನಿಲ್ಲಿ. ಹಿಂದೆ ಪಟ್ಟಿ ಇರೋ ಚಪ್ಪಲಿ ತಂದ್ಕೊಡಿ. ಟಾಯ್ಲೆಟ್ ಚಿಲಕ ಒಳಗಿಂದ ಹಾಕಕ್ಕೆ ಬಿಡ್ಬೇಡಿ, ಅವರಿಗೆ ನಾಚಿಕೆ ಆದ್ರೆ ಬೆನ್ನು ತಿರುಗಿಸಿ ಪಕ್ಕದಲ್ಲೇ ನಿಂತ್ಕೊಳ್ಳಿ. ನಮಸ್ಕಾರ.