ಲಿವರಿನ ಜೋಳಿಗೆ

ಕೇಳುಗರಿಗೆ ನಮಸ್ಕಾರ. ಟಿಬಿ ಗುಳಿಗೆ ನುಂಗಿದ ಕೆಲವೇ ತಾಸಿನಲ್ಲಿ ಮೂತ್ರ ಕೇಸರಿ ಬಣ್ಣಕ್ಕೆ ತಿರುಗುತ್ತದೆ. ಮೊದಲ ಸಲ ನೋಡಿದವರಿಗೆ ಗಾಬರಿಯಾಗುವುದು ಸಹಜ. ಅದು ರಿಫಾಂಪಿಸಿನ್ ಎಂಬ ಔಷಧದ ಬಣ್ಣ, ಅದರಿಂದ ಕೇಡಿಲ್ಲ. ಅದೇ ಔಷಧ ಕಣ್ಣಿಗೆ ಕಾಣದ ಇನ್ನೊಂದು ಕೆಲಸವನ್ನೂ ಮಾಡುತ್ತದೆ: ಜೊತೆಗೆ ನುಂಗುವ ಬೇರೆ ಕೆಲವು ಔಷಧಗಳ ಶಕ್ತಿ ಕುಂದಿಸುತ್ತದೆ. ಆಳಂದ, ಜೇವರ್ಗಿ, ಸೇಡಂ ಕಡೆಯಿಂದ ಕಲಬುರಗಿಗೆ ತೋರಿಸಿಕೊಳ್ಳಲು ಬರುವವರು ತಿಳಿದಿರಬೇಕಾದದ್ದು ಆ ಕೆಲಸವನ್ನು. ಅದು ನಡೆಯುವುದು ಪಿಎಕ್ಸ್‌ಆರ್ ಎಂಬ ಪ್ರೋಟೀನಿನ ಮೂಲಕ.

ಪಿಎಕ್ಸ್‌ಆರ್ ಕೋಶಕೇಂದ್ರ ಗ್ರಾಹಕಗಳು ಎಂಬ ಪ್ರೋಟೀನುಗಳ ಗುಂಪಿಗೆ ಸೇರಿದ್ದು. ಮನುಷ್ಯನಲ್ಲಿ ಇಂಥವು 48. ಹಾರ್ಮೋನು, ವಿಟಮಿನ್ ಡಿ, ಪಿತ್ತರಸದ ಆಮ್ಲ, ಔಷಧ, ಹೀಗೆ ಸಣ್ಣ ಅಣುಗಳನ್ನು ಹಿಡಿದು ನೇರವಾಗಿ ಡಿಎನ್‌ಎ ಮೇಲೆ ಕೂತು ಜೀನುಗಳನ್ನು ಎಬ್ಬಿಸುವುದು ಇವುಗಳ ಕಸುಬು. ಕಟ್ಟಡ ಹೆಚ್ಚುಕಡಿಮೆ ಒಂದೇ ನಕ್ಷೆಯದು. ನಡುವೆ ಡಿಎನ್‌ಎ ಹಿಡಿಯುವ ಭಾಗ. ಅದರಲ್ಲಿ ಎರಡು ಸತುವಿನ ಪರಮಾಣುಗಳು, ಪ್ರತಿಯೊಂದನ್ನೂ ಸಿಸ್ಟೀನ್ ಎಂಬ ನಾಲ್ಕು ಅಮೈನೋ ಆಮ್ಲಗಳು ಬಿಗಿಹಿಡಿದಿರುತ್ತವೆ. ಆಮೇಲೆ ಬಾಗುವ ಒಂದು ಕೀಲು. ಅದರಾಚೆ ಅಣುವನ್ನು ಹಿಡಿಯುವ ಭಾಗ: ಸುಮಾರು ಹನ್ನೆರಡು ಸುರುಳಿಗಳು ಮೂರು ಪದರಾಗಿ ಕೂತು, ಒಳಗೊಂದು ಪೊಳ್ಳು ಜಾಗ ಬಿಟ್ಟಿರುತ್ತವೆ. ನಮ್ಮ ಕಥೆಯೆಲ್ಲ ಆ ಪೊಳ್ಳಿನದು.

ಈಸ್ಟ್ರೋಜೆನ್ ಗ್ರಾಹಕದ ಪೊಳ್ಳು ಸುಮಾರು 450 ಘನ ಆಂಗ್‌ಸ್ಟ್ರಾಂ. ಒಂದು ಸೆಂಟಿಮೀಟರಿಗೆ ಹತ್ತು ಕೋಟಿ ಆಂಗ್‌ಸ್ಟ್ರಾಂ ಎಂದರೆ ಅಳತೆ ಅಂದಾಜಾದೀತು. ಅಲ್ಲಿ ಎಸ್ಟ್ರಡಯಾಲ್ ಎಂಬ ಹೆಣ್ಣು ಹಾರ್ಮೋನು ಕೂರುವುದು ಕೀಲಿಯೊಳಗೆ ಚಾವಿ ಕೂತಂತೆ. ಅದರ ಒಂದು ತುದಿಯನ್ನು ಗ್ರಾಹಕದ ಅಮೈನೋ ಆಮ್ಲಗಳ ಸರದಲ್ಲಿನ 353ನೇ ಗ್ಲುಟಮೇಟ್ ಮತ್ತು 394ನೇ ಆರ್ಜಿನೀನ್ ಹಿಡಿಯುತ್ತವೆ, ಇನ್ನೊಂದು ತುದಿಯನ್ನು 524ನೇ ಹಿಸ್ಟಿಡೀನ್. ಅಳತೆ ತಪ್ಪಿದ ಅಣುವಿಗೆ ಅಲ್ಲಿ ಹಿಡಿತ ಸಿಗುವುದು ಕಷ್ಟ.

ಲಿವರ್ ಮತ್ತು ಕರುಳಿನಲ್ಲಿ ಹೆಚ್ಚಾಗಿರುವ ಪಿಎಕ್ಸ್‌ಆರ್‌ನ ರೀತಿಯೇ ಬೇರೆ. ಅದು 434 ಅಮೈನೋ ಆಮ್ಲಗಳ ಪ್ರೋಟೀನು. 2001ರಲ್ಲಿ ಅದರ ಸ್ಫಟಿಕ ರಚನೆ ಕಂಡಾಗ ಪೊಳ್ಳು 1,100 ಘನ ಆಂಗ್‌ಸ್ಟ್ರಾಂ ದಾಟಿತ್ತು. ಒಂದು ಕಡೆ ಗಟ್ಟಿ ಸುರುಳಿ ಇರಬೇಕಾದಲ್ಲಿ ಸಡಿಲ ಎಳೆಯಿದೆ, ಹಾಗಾಗಿ ಗೋಡೆ ಹಿಗ್ಗುತ್ತದೆ. ಇದನ್ನು ಕೀಲಿ ಎನ್ನುವುದಕ್ಕಿಂತ ಜಂಗಮರ ಜೋಳಿಗೆ ಎನ್ನುವುದೇ ಸರಿ. ಹಾಕಿದ್ದರ ಆಕಾರವನ್ನೇ ತಾನೂ ತಾಳುತ್ತದೆ. ಒಳಗೋಡೆಯ ಬಹುಪಾಲು ನೀರನ್ನು ದೂರವಿಡುವ, ಜಿಡ್ಡಿನ ಸ್ವಭಾವದ್ದು. ನಡುನಡುವೆ 247ನೇ ಸೆರೀನ್, 285ನೇ ಗ್ಲುಟಮಿನ್, 407ನೇ ಹಿಸ್ಟಿಡೀನ್‌ನಂಥ ಕೆಲವೇ ಕೊಂಡಿಗಳು. ಕೊಲೆಸ್ಟರಾಲ್ ಇಳಿಸಲೆಂದು ತಯಾರಿಸಿದ್ದ ಎಸ್‌ಆರ್12813 ಎಂಬ ಅಣು ಆ ಮೊದಲ ರಚನೆಯಲ್ಲಿ ಮೂರು ಬೇರೆ ಬೇರೆ ಮಗ್ಗುಲಲ್ಲಿ ಕೂತಿತ್ತು. ಎಸ್ಟ್ರಡಯಾಲ್‌ನ ಮೂರು ಪಟ್ಟು ತೂಕದ ರಿಫಾಂಪಿಸಿನ್‌ಗೂ ಈ ಜೋಳಿಗೆಯಲ್ಲಿ ಜಾಗವಿದೆ.

ಒಳಗೆ ಕೂತ ಮಾತ್ರಕ್ಕೆ ಕೆಲಸ ಶುರುವಾಗುವುದಿಲ್ಲ. ಕೊನೆಯ ಸುರುಳಿ ಮುಚ್ಚಳದಂತೆ ಸರಿಯಾದ ಜಾಗಕ್ಕೆ ಬಂದು ನಿಲ್ಲಬೇಕು. ಆಗ ಹೊರಮೈಯಲ್ಲಿ ಒಂದು ತಗ್ಗು ಏರ್ಪಟ್ಟು, ಸಹಾಯಕ ಪ್ರೋಟೀನು ಅಲ್ಲಿ ಬಂದು ಕಚ್ಚಿಕೊಳ್ಳುತ್ತದೆ. ಸ್ತನ ಕ್ಯಾನ್ಸರಿಗೆ ಕೊಡುವ ಟಮಾಕ್ಸಿಫೆನ್ ಈಸ್ಟ್ರೋಜೆನ್ ಗ್ರಾಹಕದೊಳಗೆ ಚೆನ್ನಾಗಿಯೇ ಕೂರುತ್ತದೆ, ಆದರೆ ಅದರ ಉದ್ದನೆಯ ಬಾಲ ಹೊರಚಾಚಿ ಮುಚ್ಚಳವನ್ನು ಪಕ್ಕಕ್ಕೆ ತಳ್ಳುತ್ತದೆ. ಸ್ತನದ ಜೀವಕೋಶಗಳಲ್ಲಿ ಬಾಗಿಲು ಬಂದ್.

ಪಿಎಕ್ಸ್‌ಆರ್ ಎಚ್ಚೆತ್ತರೆ ಆರ್‌ಎಕ್ಸ್‌ಆರ್ ಎಂಬ ಇನ್ನೊಂದು ಗ್ರಾಹಕದ ಜೋಡಿಯಾಗಿ ಡಿಎನ್‌ಎ ಮೇಲೆ ಕೂತು, ಸಿವೈಪಿ3ಎ4 ಎಂಬ ಕಿಣ್ವದ ಉತ್ಪಾದನೆ ಹೆಚ್ಚಿಸುತ್ತದೆ. ನಾವು ನುಂಗುವ ಔಷಧಗಳಲ್ಲಿ ದೊಡ್ಡ ಪಾಲನ್ನು ಒಡೆದು ಹೊರಹಾಕುವ ಕಿಣ್ವ ಅದು. ವಿಷ ಹೊರಹಾಕಲು ದೇಹ ಮಾಡಿಕೊಂಡ ಏರ್ಪಾಡು ಬೇಕಾದ ಗುಳಿಗೆಯನ್ನೂ ಸೇರಿಸಿ ಗುಡಿಸಿಬಿಡುತ್ತದೆ.

ಯಾವ ರಾಸಾಯನಿಕ ಪಿಎಕ್ಸ್‌ಆರ್ ಅನ್ನು ಎಬ್ಬಿಸುತ್ತದೆ ಎಂದು ತಿಳಿಯಲು ಇಲಿಯ ಮೇಲಿನ ಪರೀಕ್ಷೆಯನ್ನಷ್ಟೇ ನಂಬಿದರೆ ಇಲ್ಲಿ ಮೋಸ ಹೋಗುತ್ತೇವೆ. ರಿಫಾಂಪಿಸಿನ್ ಮನುಷ್ಯನ ಪಿಎಕ್ಸ್‌ಆರ್ ಅನ್ನು ಜೋರಾಗಿ ಎಬ್ಬಿಸುತ್ತದೆ, ಇಲಿಯದನ್ನು ಹೆಚ್ಚುಕಡಿಮೆ ಮುಟ್ಟುವುದೇ ಇಲ್ಲ. ಪೊಳ್ಳಿನ ಗೋಡೆಯ ಕೆಲವು ಅಮೈನೋ ಆಮ್ಲಗಳು ಎರಡರಲ್ಲೂ ಬೇರೆ. ಆದ್ದರಿಂದ ಪರೀಕ್ಷೆ ಮನುಷ್ಯನ ಲಿವರ್ ಕೋಶಗಳಲ್ಲಿ ನಡೆಯಬೇಕು. ಗ್ರಾಹಕ ಎಚ್ಚೆತ್ತರೆ ಬೆಳಕು ಬರುವಂತೆ ಮಿಂಚುಹುಳದ ಕಿಣ್ವದ ಜೀನನ್ನು ಅಲ್ಲಿ ಜೋಡಿಸಿರುತ್ತಾರೆ. ಅದರಲ್ಲೂ ಮೋಸವಿದೆ. ರಾಸಾಯನಿಕವೇ ಕೋಶವನ್ನು ಕೊಂದರೆ ಬೆಳಕು ಕಡಿಮೆಯಾಗುತ್ತದೆ, ನೋಡಿದವರು ಗ್ರಾಹಕವನ್ನು ತಡೆಯಿತು ಎಂದು ಬರೆದುಕೊಳ್ಳುತ್ತಾರೆ. ಕೋಶಗಳು ಬದುಕಿವೆಯೇ ಎಂದು ಪ್ರತ್ಯೇಕವಾಗಿ ಅಳೆಯದ ಅಂಕಿ ಉಪಯೋಗಕ್ಕೆ ಬಾರದು. ಜಿಡ್ಡಿನ ಅಣುಗಳು ಪ್ಲಾಸ್ಟಿಕ್ ತಟ್ಟೆಗೂ ಅಂಟಿಕೊಳ್ಳುತ್ತವೆ. ಹಾಕಿದ ಪ್ರಮಾಣ ಒಂದು, ಕೋಶಕ್ಕೆ ತಲುಪಿದ್ದು ಇನ್ನೊಂದು.

ಜೋಳಿಗೆ ದೊಡ್ಡದಾದ್ದರಿಂದ ಇನ್ನೊಂದು ವಿಚಿತ್ರವೂ ಸಾಧ್ಯ. ಗರ್ಭನಿರೋಧಕ ಗುಳಿಗೆಯ ಎಥಿನೈಲ್ ಎಸ್ಟ್ರಡಯಾಲ್ ಮತ್ತು ಕ್ಲೋರ್ಡೇನ್ ಕೀಟನಾಶಕದಲ್ಲಿದ್ದ ಟ್ರಾನ್ಸ್-ನೊನಾಕ್ಲೋರ್, ಎರಡೂ ಒಂಟಿಯಾಗಿ ಪಿಎಕ್ಸ್‌ಆರ್ ಅನ್ನು ಸಡಿಲವಾಗಿ ಹಿಡಿಯುತ್ತವೆ. ಎರಡೂ ಒಟ್ಟಿಗೆ ಬಂದರೆ ಒಂದಕ್ಕೊಂದು ಒತ್ತಿ ಕೂತು, ಹಲವು ಪಟ್ಟು ಗಟ್ಟಿಯಾಗಿ ಹಿಡಿಯುತ್ತವೆ. 2015ರಲ್ಲಿ ಸ್ಫಟಿಕ ರಚನೆಯಲ್ಲೇ ಇದು ಕಂಡಿದೆ. ತೊಗರಿ ಹೂವಿಗೆ ಬಂದಾಗ ಎರಡು-ಮೂರು ಕೀಟನಾಶಕ ಎಣ್ಣೆ ಒಂದೇ ಡಬ್ಬಿಯಲ್ಲಿ ಬೆರೆಸಿ ಹೊಡೆಯುವ ರೂಢಿ ನಮ್ಮಲ್ಲಿದೆ. ಒಂದೊಂದನ್ನೇ ಪರೀಕ್ಷಿಸಿ ಬರೆದ ಚೀಟಿ ಆ ಬೆರಕೆಯ ಬಗ್ಗೆ ಏನನ್ನೂ ಹೇಳುವುದಿಲ್ಲ.

ಮತ್ತೆ ಗುಳಿಗೆಗೆ ಬರೋಣ. ದೊಡ್ಡವರಿಗೆ ರಿಫಾಂಪಿಸಿನ್ ದಿನಕ್ಕೆ ತೂಕದ ಪ್ರತಿ ಕಿಲೋಗೆ ಸುಮಾರು 10 ಮಿಲಿಗ್ರಾಂ. ಕಿಣ್ವ ಪೂರ್ತಿ ಏರಲು ಒಂದೆರಡು ವಾರ ಬೇಕು. ಹಾಗಾಗಿ ಮೊದಲ ದಿನ ಏನೂ ಆಗಲಿಲ್ಲ ಎಂದು ನಿಶ್ಚಿಂತೆಯಾಗಿರಬೇಡಿ. ಗರ್ಭನಿರೋಧಕ ಗುಳಿಗೆಯ ಶಕ್ತಿ ಕುಂದುತ್ತದೆ, ಟಿಬಿ ಔಷಧ ಮುಗಿದ ಮೇಲೂ ನಾಲ್ಕು ವಾರ ಅದನ್ನು ನೆಚ್ಚುವಂತಿಲ್ಲ. ಕಾಪರ್-ಟಿಗೆ ಈ ತೊಂದರೆಯಿಲ್ಲ. ರಕ್ತ ತೆಳುವಾಗಿಸುವ ವಾರ್ಫರಿನ್, ಬಿಪಿಯ ನಿಫೆಡಿಪಿನ್, ಸ್ಟೀರಾಯ್ಡ್ ಪ್ರೆಡ್ನಿಸೊಲೋನ್ ಇವೂ ರಕ್ತದಲ್ಲಿ ಇಳಿಯುತ್ತವೆ. ಇದಕ್ಕೆ ಹೆದರಿ ಟಿಬಿ ಔಷಧ ಬಿಡಬಾರದು, ಸರಿಪಡಿಸಬೇಕಾದದ್ದು ಇನ್ನೊಂದು ಔಷಧದ ಪ್ರಮಾಣವನ್ನು. ವಾರ್ಫರಿನ್ ತೆಗೆದುಕೊಳ್ಳುವವರಿಗೆ ಅಪಾಯ ಹೆಚ್ಚು ಕೊನೆಯಲ್ಲಿ. ಟಿಬಿ ಗುಳಿಗೆ ನಿಂತಿತು, ಜೋಳಿಗೆ ಖಾಲಿಯಾಯಿತು, ಕಿಣ್ವ ಎರಡು-ಮೂರು ವಾರದಲ್ಲಿ ಇಳಿಯಿತು, ಏರಿಸಿದ ವಾರ್ಫರಿನ್ ಮಾತ್ರ ಹಾಗೇ ಉಳಿಯಿತು. ಒಸಡಿನಲ್ಲಿ ರಕ್ತ ಜಿನುಗಲು ಶುರುವಾಗುವುದು ಆಗಲೇ. ಆ ವಾರಗಳಲ್ಲಿ ರಕ್ತ ಎಷ್ಟು ಬೇಗ ಹೆಪ್ಪುಗಟ್ಟುತ್ತದೆ ಎಂದು ನೋಡುವ ಐಎನ್‌ಆರ್ ಪರೀಕ್ಷೆಯನ್ನು ಮೇಲಿಂದ ಮೇಲೆ ಮಾಡಿಸಿ. ನಮಸ್ಕಾರ.